ಸಂಜೆಯ ಪಟ್ಟಿ ಯಾರ ಸ್ವತ್ತು?

1923ರ ಜನವರಿ. ಬ್ರಿಟನ್ನಿನಲ್ಲಿ ಬಿಬಿಸಿ ರೇಡಿಯೊ ಕಣ್ಣುಬಿಟ್ಟು ಕೆಲವೇ ತಿಂಗಳಾಗಿತ್ತು. ಅಷ್ಟರಲ್ಲಿ ಪತ್ರಿಕೆಗಳ ಮಾಲೀಕರು ಪಟ್ಟು ಹಿಡಿದರು: ನಿಮ್ಮ ಕಾರ್ಯಕ್ರಮಗಳ ವಿವರ ನಮ್ಮ ಪುಟದಲ್ಲಿ ಬರಬೇಕಾದರೆ ಜಾಹೀರಾತಿನಂತೆ ದುಡ್ಡು ಕೊಡಿ. ಜನ ರೇಡಿಯೊಗೆ ಕಿವಿಗೊಟ್ಟರೆ ಪತ್ರಿಕೆ ಕೊಳ್ಳುವವರು ಕಡಿಮೆಯಾದಾರು ಎಂಬ ಅಳುಕು ಅವರಿಗಿತ್ತು. ಆಗ ನೆರವಿಗೆ ಬಂದವರು ಲಂಡನ್ನಿನ ದೊಡ್ಡ ಅಂಗಡಿಯೊಂದರ ಒಡೆಯ ಗಾರ್ಡನ್ ಸೆಲ್ಫ್ರಿಜ್. ‘ಪಾಲ್ ಮಾಲ್ ಗೆಜೆಟ್’ ಪತ್ರಿಕೆಯಲ್ಲಿ ತಮ್ಮ ಅಂಗಡಿಯ ಜಾಹೀರಾತಿಗೆ ಕೊಂಡ ಜಾಗದಲ್ಲೇ ಅವರು ರೇಡಿಯೊ ಕಾರ್ಯಕ್ರಮಗಳನ್ನೂ ಅಚ್ಚು ಹಾಕಿಸಿದರು. ಮಾಲೀಕರ ಬಹಿಷ್ಕಾರ ಬಹಳ ದಿನ ನಿಲ್ಲಲಿಲ್ಲ.

ಆದರೆ ಬಿಬಿಸಿಯ ಮುಖ್ಯಸ್ಥ ಜಾನ್ ರೀತ್ ಅದನ್ನು ಮರೆಯಲಿಲ್ಲ. ಪಟ್ಟಿಗಾಗಿ ಇನ್ನೊಬ್ಬರ ಬಾಗಿಲು ಕಾಯುವ ಬದಲು ತಮ್ಮದೇ ವಾರಪತ್ರಿಕೆ ತರಲು ನಿರ್ಧರಿಸಿದರು. ಅದೇ ವರ್ಷದ ಸೆಪ್ಟೆಂಬರ್ 28ರಂದು ಎರಡು ಪೆನ್ಸ್ ಬೆಲೆಯ ‘ರೇಡಿಯೊ ಟೈಮ್ಸ್’ ಹೊರಬಂತು. ಅದರ ಮಾದರಿ ಭಾರತಕ್ಕೂ ಬರಲು ತಡವಾಗಲಿಲ್ಲ. 1927ರ ಜುಲೈಯಲ್ಲಿ ಮುಂಬಯಿಯಿಂದ ‘ಇಂಡಿಯನ್ ರೇಡಿಯೊ ಟೈಮ್ಸ್’ ಶುರುವಾಯಿತು. ಅದು 1935ರಲ್ಲಿ ‘ಇಂಡಿಯನ್ ಲಿಸನರ್’ ಆಗಿ, 1958ರಲ್ಲಿ ‘ಆಕಾಶವಾಣಿ’ಯೆಂಬ ಹೆಸರು ಪಡೆಯಿತು.

ಟೆಲಿವಿಷನ್ ಬಂದ ಮೇಲೆ ಸಂಜೆಯ ಸಮಯಕ್ಕೆ ಬೇರೆಯದೇ ಬೆಲೆ ಬಂತು. ಬ್ರಿಟನ್ನಿನಲ್ಲಿ ಆ ಸಮಯವನ್ನು ಹಂಚುವುದರಲ್ಲಿ ಸರ್ಕಾರದ ಕೈಯೂ ಇತ್ತು. 1950ರ ದಶಕದಲ್ಲಿ ಸಂಜೆ ಆರು ಗಂಟೆಗೆ ಮಕ್ಕಳ ಕಾರ್ಯಕ್ರಮ ಮುಗಿದರೆ ಏಳರವರೆಗೆ ಪರದೆ ಖಾಲಿ. ತಾಯಂದಿರು ಆ ಹೊತ್ತಿನಲ್ಲಿ ಚಿಕ್ಕ ಮಕ್ಕಳನ್ನು ಮಲಗಿಸಲಿ, ದೊಡ್ಡವರು ಶಾಲೆಯ ಪಾಠ ಬರೆಯಲಿ ಎಂಬುದು ಲೆಕ್ಕಾಚಾರ. ಜನ ಇದನ್ನು ‘ಟಾಡ್ಲರ್ಸ್ ಟ್ರೂಸ್’, ಅಂದರೆ ಪುಟಾಣಿಗಳ ಕದನವಿರಾಮ, ಎಂದು ಕರೆದರು. ಒಂದು ಗಂಟೆಯ ಖರ್ಚು ಉಳಿಯುತ್ತಿದ್ದುದರಿಂದ ಬಿಬಿಸಿಗೆ ತಕರಾರಿರಲಿಲ್ಲ. ಜಾಹೀರಾತನ್ನೇ ನಂಬಿ 1955ರ ಸೆಪ್ಟೆಂಬರ್ 22ರಂದು ಆರಂಭವಾದ ಐಟಿವಿಗೆ ಮಾತ್ರ ಅದು ದಿನದಿನದ ನಷ್ಟ. ಮಕ್ಕಳನ್ನು ಮಲಗಿಸುವುದು ತಂದೆತಾಯಿಯರ ಕೆಲಸ, ಸರ್ಕಾರದ್ದಲ್ಲ ಎಂಬ ನಿಲುವಿನ ಪೋಸ್ಟ್‌ಮಾಸ್ಟರ್ ಜನರಲ್ ಚಾರ್ಲ್ಸ್ ಹಿಲ್ ಕೊನೆಗೆ ಈ ನಿಯಮವನ್ನೇ ತೆಗೆದುಹಾಕಿದರು. 1957ರ ಫೆಬ್ರುವರಿ 16ರ ಶನಿವಾರ, ಆರು ಗಂಟೆ ಐದು ನಿಮಿಷಕ್ಕೆ, ಬಿಬಿಸಿಯ ಹೊಸ ಸಂಗೀತ ಕಾರ್ಯಕ್ರಮ ಮೊದಲ್ಗೊಂಡಿತು. ಹೆಸರು ‘ಸಿಕ್ಸ್-ಫೈವ್ ಸ್ಪೆಷಲ್’: ಪ್ರಸಾರದ ವೇಳೆಯೇ ಕಾರ್ಯಕ್ರಮದ ಹೆಸರಾಯಿತು.

ಖಾಲಿ ಗಂಟೆ ತುಂಬಿತು. ಪಟ್ಟಿಯ ಮೇಲಿನ ಬೀಗ ಮಾತ್ರ ಹಾಗೇ ಉಳಿಯಿತು.

ಬಿಬಿಸಿಯ ಇಡೀ ವಾರದ ವಿವರ ಬೇಕಿದ್ದವರು ‘ರೇಡಿಯೊ ಟೈಮ್ಸ್’ ಕೊಳ್ಳಬೇಕು, ಐಟಿವಿಯದು ಬೇಕಿದ್ದವರು ‘ಟಿವಿ ಟೈಮ್ಸ್’. ದಿನಪತ್ರಿಕೆಗಳಿಗೆ ಆಯಾ ದಿನದ ಪಟ್ಟಿ ಹಾಕಲು ಅನುಮತಿ. ವಾರಾಂತ್ಯ, ಹಬ್ಬಗಳಿಗೆ ಎರಡು ದಿನದ್ದು, ಅಷ್ಟೆ. ಲೈಸೆನ್ಸ್ ಶುಲ್ಕ ಕಟ್ಟಿ ಟಿವಿ ನೋಡುವ ಮನೆಯವರು ಮುಂದಿನ ಗುರುವಾರ ಯಾವ ಚಾನೆಲ್‌ನಲ್ಲಿ ಏನಿದೆಯೆಂದು ತಿಳಿಯಲು ಎರಡೆರಡು ಪತ್ರಿಕೆಗೆ ಹಣ ತೆರಬೇಕಾಗಿದ್ದುದು ಅನ್ಯಾಯವೇ ಸರಿ. 1980ರ ದಶಕದಲ್ಲಿ ‘ಟೈಮ್ ಔಟ್’ ಪತ್ರಿಕೆ ಈ ಬೇಲಿ ದಾಟಲು ಹೋಗಿ ಲಂಡನ್ ಹೈಕೋರ್ಟಿನಲ್ಲಿ ಸೋತಿತು. ಕಾರ್ಯಕ್ರಮಗಳ ಪಟ್ಟಿಗೂ ಹಕ್ಕುಸ್ವಾಮ್ಯವಿದೆ ಎಂದಿತು ನ್ಯಾಯಾಲಯ.

ಬೀಗದ ಬೆಲೆ ಎಷ್ಟಿತ್ತೆಂಬುದನ್ನು ಮಾರಾಟವೇ ಹೇಳುತ್ತದೆ. 1950ರ ದಶಕದ ಮಧ್ಯದಲ್ಲಿ ‘ರೇಡಿಯೊ ಟೈಮ್ಸ್’ ವಾರಕ್ಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಗುತ್ತಿತ್ತು. 1988ರ ಕ್ರಿಸ್‌ಮಸ್ ಸಂಚಿಕೆ ಮಾರಾಟವಾದದ್ದು 1 ಕೋಟಿ 12 ಲಕ್ಷ ಪ್ರತಿ. ರಜೆಗೆ ಸೇರಿದ ಮನೆಮಂದಿ ಪೆನ್ನು ಹಿಡಿದು, ತಮಗೆ ಬೇಕಾದ ಸಿನಿಮಾ, ನಾಟಕಗಳ ಸುತ್ತ ಗೆರೆ ಎಳೆಯುವುದು ಅಲ್ಲಿ ಹಬ್ಬದ ಭಾಗವೇ ಆಗಿತ್ತು.

ಬೀಗಕ್ಕೆ ಮುಖ್ಯವಾದ ಪೆಟ್ಟು ಕೊಟ್ಟಿದ್ದು ಐರ್ಲೆಂಡಿನ ಒಂದು ಸಣ್ಣ ಪತ್ರಿಕೆ. ಡಬ್ಲಿನ್‌ನ ‘ಮಗಿಲ್ ಟಿವಿ ಗೈಡ್’ ಎಲ್ಲ ಚಾನೆಲ್‌ಗಳ ವಾರದ ವಿವರವನ್ನು ಒಟ್ಟಿಗೆ ಕೊಡಲು ಹೊರಟಾಗ ಪ್ರಸಾರ ಸಂಸ್ಥೆಗಳು ಕೋರ್ಟಿನಿಂದ ತಡೆ ತಂದವು. ಪತ್ರಿಕೆ ಯುರೋಪಿಯನ್ ಕಮಿಷನ್ನಿಗೆ ದೂರು ಒಯ್ದಿತು. ಓದುಗರಿಗೆ ಬೇಕಾದ ಹೊಸ ಪತ್ರಿಕೆ ಹುಟ್ಟದಂತೆ ತಡೆಯುವುದು ಮಾರುಕಟ್ಟೆಯಲ್ಲಿನ ಬಲದ ದುರ್ಬಳಕೆ ಎಂದು ಕಮಿಷನ್ 1988ರಲ್ಲಿ ಹೇಳಿತು. ಯುರೋಪಿನ ನ್ಯಾಯಾಲಯ ಅದನ್ನು 1995ರ ಏಪ್ರಿಲ್ 6ರಂದು ಎತ್ತಿಹಿಡಿಯಿತು. ಹಕ್ಕುಸ್ವಾಮ್ಯದ ವಿದ್ಯಾರ್ಥಿಗಳು ಇಂದಿಗೂ ಓದುವ ಪ್ರಕರಣವಿದು.

ಬ್ರಿಟನ್ ಆ ತೀರ್ಪಿಗೆ ಕಾಯಲಿಲ್ಲ. 1990ರ ಪ್ರಸಾರ ಕಾಯ್ದೆಯ ಫಲವಾಗಿ 1991ರ ಮಾರ್ಚ್ 1ರಿಂದ ಯಾರು ಬೇಕಾದರೂ ಶುಲ್ಕ ಕಟ್ಟಿ ಎಲ್ಲ ಚಾನೆಲ್‌ಗಳ ವಾರದ ಪಟ್ಟಿ ಅಚ್ಚು ಹಾಕಬಹುದಾಯಿತು. ದಿನಪತ್ರಿಕೆಗಳು ಪುರವಣಿ ತಂದವು. ‘ವಾಟ್ಸ್ ಆನ್ ಟಿವಿ’ಯಂಥ ಅಗ್ಗದ ವಾರಪತ್ರಿಕೆಗಳು ಅದೇ ವರ್ಷ ಹುಟ್ಟಿ, ಮಾರಾಟದಲ್ಲಿ ಹಳಬರನ್ನು ಹಿಂದೆ ಹಾಕತೊಡಗಿದವು. ‘ರೇಡಿಯೊ ಟೈಮ್ಸ್’ ಕೂಡ ಎದುರಾಳಿ ಐಟಿವಿಯ ಕಾರ್ಯಕ್ರಮಗಳನ್ನು ತನ್ನ ಪುಟಗಳಿಗೆ ಸೇರಿಸಿಕೊಂಡಿತು. 2011ರಲ್ಲಿ ಬಿಬಿಸಿ ಅದನ್ನು ಖಾಸಗಿ ಹೂಡಿಕೆದಾರರಿಗೆ ಮಾರಿತು. ಪತ್ರಿಕೆ ಈಗಲೂ ವಾರವಾರವೂ ಅಚ್ಚಾಗುತ್ತಿದೆ. ಆನ್‌ಲೈನ್‌ನಲ್ಲಿ ಬೇಕೆಂದಾಗ ನೋಡುವ ಧಾರಾವಾಹಿಗಳಿಗೂ ಅದರಲ್ಲಿ ಪುಟಗಳಿವೆ.