ಶಾಲೆಯ ಗೋಡೆ ಬೇರೆ, ಮಗುವಿನ ತಲೆ ಬೇರೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾಗುತ್ತಿದ್ದ ಹಾಗೆ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ತಾಯಂದಿರು ಕೇಳುವ ಪ್ರಶ್ನೆ ಒಂದೇ. "ಹಝ್ರತ್, ಸ್ಕೂಲಲ್ಲಿ ಶಾರದಾ ಪೂಜೆ ಅಂತೆ, ಅವತ್ತು ಮಗಳನ್ನ ಕಳಿಸೋದಾ ಬೇಡ್ವಾ?" (ಕರಾವಳಿಯಲ್ಲಿ ಉಸ್ತಾದ್ ಆಗಿದ್ದವನು ಘಟ್ಟ ಹತ್ತಿ ಈ ಕಡೆ ಬಂದರೆ ಹಝ್ರತ್ ಆಗುತ್ತಾನೆ.)

ಕಳಿಸಿ ಅಂತಲೇ ನಾನು ಹೇಳುವುದು. ಬೀಳ್ಕೊಡುಗೆ, ಗ್ರೂಪ್ ಫೋಟೋ ಎಲ್ಲ ಹೆಚ್ಚಾಗಿ ಅದೇ ದಿನ. ಹತ್ತು ವರ್ಷ ಜೊತೆಯಲ್ಲಿ ಓದಿದ ಗೆಳತಿಯರ ಫೋಟೋದಲ್ಲಿ ನಮ್ಮ ಹುಡುಗಿ ಮಾತ್ರ ಇಲ್ಲ ಅಂದರೆ ಆ ನೋವು ಅವಳಿಗೇ ಗೊತ್ತು. ಪೂಜೆಯ ಹೊತ್ತಿನಲ್ಲಿ ಗೌರವದಿಂದ ಸುಮ್ಮನೆ ಒಂದು ಕಡೆ ನಿಂತರೆ ಸಾಕು. ಆರತಿ ಎತ್ತಬೇಕಿಲ್ಲ, ನಗಲೂ ಬಾರದು. ಅನ್ಯರು ಆರಾಧಿಸುವುದನ್ನು ಹೀಯಾಳಿಸಬೇಡಿ ಎಂದು ಸೂರಾ ಅನ್‌ಆಮ್‌ನಲ್ಲಿ ನಮಗೆ ತಾಕೀತು ಇದೆ.

"ಟೀಚರ್ ಆರತಿ ಎತ್ತಲೇಬೇಕು ಅಂದ್ರೆ?" ಅಂತ ಕೆಲವರು ಮುಂದುವರಿಸುತ್ತಾರೆ. ಅದಕ್ಕೆ ಉತ್ತರ ಸಂವಿಧಾನದ 28ನೇ ವಿಧಿಯಲ್ಲಿದೆ. ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಕೂಡ ಹೆತ್ತವರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಪಾಠಕ್ಕಾಗಲಿ ಆರಾಧನೆಗಾಗಲಿ ಕೂರಿಸುವ ಹಾಗಿಲ್ಲ. ಕೇರಳದಲ್ಲಿ 1985ರಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮೂವರು ಮಕ್ಕಳನ್ನು ರಾಷ್ಟ್ರಗೀತೆ ಹಾಡಲಿಲ್ಲ ಎಂದು ಶಾಲೆಯಿಂದ ಹೊರಗೆ ಹಾಕಿದ್ದರು. ಮಕ್ಕಳು ಹಾಡುತ್ತಿರಲಿಲ್ಲ, ಆದರೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಮರುವರ್ಷ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಸೇರಿಸಿಕೊಳ್ಳಿ ಎಂದಿತು. ರಾಷ್ಟ್ರಗೀತೆಗೇ ಹೀಗಿರುವಾಗ ಆರತಿಯ ಮಾತು ಬೇರೆ ಹೇಳಬೇಕೇ?

ಇಲ್ಲಿ ಒಂದು ವ್ಯತ್ಯಾಸವನ್ನು ನಾವು ಸರಿಯಾಗಿ ಹಿಡಿದುಕೊಳ್ಳಬೇಕು. ಶಾಲೆಯ ಗೋಡೆ ಮಾತಾಡಿದರೆ ಅದು ಸರ್ಕಾರದ ಮಾತು. ಮಗುವಿನ ತಲೆಯ ಮೇಲಿನ ಶಿರವಸ್ತ್ರ, ಹಣೆಯ ಕುಂಕುಮ, ಕೊರಳಿನ ಶಿಲುಬೆ, ಇವು ಆ ಮಗುವಿನ ಮಾತು. ಅಮೆರಿಕದ ಕೆಂಟಕಿ ರಾಜ್ಯದಲ್ಲಿ ತರಗತಿಯ ಗೋಡೆಗೆ ಹತ್ತು ಕಟ್ಟಳೆಗಳನ್ನು ತೂಗುಹಾಕುವ ಕಾನೂನು ಇತ್ತು. ಮೂಸಾ ನಬಿಗೆ (ಅ.ಸ.) ಬಂದ ಆಜ್ಞೆಗಳು, ನಮಗೂ ಗೌರವದವು. ಆದರೂ 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾನೂನನ್ನು ರದ್ದು ಮಾಡಿತು. 2024ರಲ್ಲಿ ಲೂಸಿಯಾನ ರಾಜ್ಯ ಮತ್ತೆ ಅದೇ ಬಗೆಯ ಕಾನೂನು ತಂದಾಗಲೂ ಮೊಕದ್ದಮೆ ಹೂಡಲಾಯಿತು. ಫ್ರಾನ್ಸ್ ಇದಕ್ಕೆ ಉಲ್ಟಾ. 2004ರಲ್ಲಿ ಸರ್ಕಾರಿ ಶಾಲೆಯ ಮಕ್ಕಳ ಮೈಮೇಲಿನ ಎದ್ದುಕಾಣುವ ಧಾರ್ಮಿಕ ಗುರುತುಗಳನ್ನೇ ನಿಷೇಧಿಸಿತು.

ನಮ್ಮ ರಾಜ್ಯದಲ್ಲಿ 2022ರಲ್ಲಿ ಇವೆರಡೂ ಕಲಸಿಹೋದವು. ಫೆಬ್ರವರಿ 5ರ ಸಮವಸ್ತ್ರ ಆದೇಶ, 8ರಂದು ಶಿವಮೊಗ್ಗದ ಸರ್ಕಾರಿ ಕಾಲೇಜಿನ ಧ್ವಜಕಂಬದಲ್ಲಿ ಕೇಸರಿ ಬಾವುಟ, 10ರಂದು ಹೈಕೋರ್ಟಿನ ಮಧ್ಯಂತರ ಆದೇಶ. ಹಿಜಾಬ್, ಕೇಸರಿ ಶಾಲು, ಧಾರ್ಮಿಕ ಬಾವುಟ, ಎಲ್ಲಕ್ಕೂ ಆ ಒಂದೇ ಆದೇಶದಲ್ಲಿ ತಡೆ. ಕಾಲೇಜಿನ ಕಂಬಕ್ಕೆ ಏರಿದ ಬಾವುಟವೂ ಹುಡುಗಿಯ ತಲೆವಸ್ತ್ರವೂ ಒಂದೇ ಹೇಗಾಗುತ್ತದೆ? ಮಾರ್ಚ್ 15ಕ್ಕೆ ಹೈಕೋರ್ಟ್ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಹೇಮಂತ್ ಗುಪ್ತಾ ಒಂದು ಕಡೆ, ಸುಧಾಂಶು ಧುಲಿಯಾ ಇನ್ನೊಂದು ಕಡೆ. ಅದೇ ವರ್ಷ ಶಾಲೆಯಲ್ಲಿ ಗಣೇಶನ ಹಬ್ಬ ಮಾಡಬಹುದು ಎಂದು ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಹೇಳಿದರು. ಮಗುವಿಗೆ ಒಂದು ಅಳತೆ, ಶಾಲೆಗೆ ಇನ್ನೊಂದು.

ನಮ್ಮ ಮನೆಯ ಕಡೆಗೂ ಸ್ವಲ್ಪ ನೋಡೋಣ. ಅದೇ 2022ರ ಜನವರಿಯಲ್ಲಿ ಪಕ್ಕದ ಮುಳಬಾಗಿಲಿನ ಸರ್ಕಾರಿ ಶಾಲೆಯೊಂದರ ಕೊಠಡಿಯಲ್ಲಿ ಮಕ್ಕಳು ಶುಕ್ರವಾರ ನಮಾಝ್ ಮಾಡಿದ ವಿಡಿಯೋ ಹರಡಿತು. ಮುಖ್ಯ ಶಿಕ್ಷಕಿ ಅಮಾನತಾದರು. ಆ ಶಿಕ್ಷೆ ಹೆಚ್ಚಾಯಿತು ಎಂದೇ ನನ್ನ ಅಭಿಪ್ರಾಯ. ಆದರೆ ತರಗತಿಯ ಕೊಠಡಿಯನ್ನು ನಮಾಝಿಗೆ ಕೇಳುವುದು ನಮಗೂ ಸರಿಯಲ್ಲ. ಶಾರದೆಗೆ ಆರತಿ ಎತ್ತು ಎಂದು ನಮ್ಮ ಮಗುವಿಗೆ ಹೇಳಬೇಡಿ ಎನ್ನುವವರು, ಅದೇ ಕೊಠಡಿಯಲ್ಲಿ ಚಾಪೆ ಹಾಸಲು ಕೇಳಿದರೆ ಯಾವ ಬಾಯಲ್ಲಿ ಮಾತಾಡುವುದು? ಮಸ್‌ಅಲ ಕೂಡ ಇಲ್ಲಿ ಸುಲಭ ಇದೆ. ಬಾಲಿಗ್ ಆಗದ ಮಕ್ಕಳ ಮೇಲೆ ಜುಮಾ ಕಡ್ಡಾಯವೇ ಅಲ್ಲ. ಐದನೇ, ಆರನೇ ಕ್ಲಾಸಿನ ಹುಡುಗ ಪಾಠ ಬಿಟ್ಟು ಬರಬೇಕೆಂದು ಯಾವ ಕಿತಾಬಿನಲ್ಲೂ ಇಲ್ಲ. ಹೈಸ್ಕೂಲಿನ ದೊಡ್ಡ ಹುಡುಗರಿಗೆ ಕಡ್ಡಾಯ, ನಿಜ. ಅವರಿಗೆ ಊಟದ ಬಿಡುವಿನಲ್ಲಿ ಮಸೀದಿಗೆ ಹೋಗಿಬರಲು ತಂದೆ ಬರೆದ ಚೀಟಿ ಇರಲಿ. ಖುತುಬಾ ಚುಟುಕಾಗಿ ಮುಗಿಸುವುದು ನಮ್ಮ ಖತೀಬರ ಕೈಯಲ್ಲಿದೆ. ನಮಾಝ್ ಆದ ಮೇಲೆ ಹುಡುಗರು ಬೈಕ್ ಹತ್ತಿ ಬೇರೆ ಕಡೆ ಹೋಗದೆ ಶಾಲೆಗೇ ಮರಳಿದರೋ ಇಲ್ಲವೋ ನೋಡುವುದು ತಂದೆಯ ಕೆಲಸ.

ಹಾಗಂತ ಪ್ರತಿ ಗೋಡೆಬರಹಕ್ಕೂ ಜಗಳ ಬೇಡ. 2024ರ ಫೆಬ್ರವರಿಯಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಗಳ ಬಾಗಿಲಲ್ಲಿ ಕೈಮುಗಿದು ಬಾ ಎನ್ನುತ್ತಿದ್ದ ಬರಹ ಧೈರ್ಯವಾಗಿ ಪ್ರಶ್ನಿಸು ಎಂದು ಬದಲಾದಾಗ ವಿಧಾನಸಭೆಯವರೆಗೂ ಗಲಾಟೆ ಆಯಿತು. ಆ ಹಳೆಯ ಬರಹದಿಂದ ಯಾವ ಮಗುವಿನ ಈಮಾನ್ ಕೆಟ್ಟದ್ದನ್ನೂ ನಾನು ಕಂಡಿಲ್ಲ. ಹೊಸದೂ ಒಳ್ಳೆಯದೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದ್ದರು. ದೇವರ ವಿಷಯದಲ್ಲಿ ಅವರ ದಾರಿ ಬೇರೆ, ನಮ್ಮದು ಬೇರೆ. ಆದರೆ ಪ್ರಶ್ನೆ ಕೇಳುವ ಮಕ್ಕಳು ಮದ್ರಸಕ್ಕೂ ಬೇಕು.

ಆಗಬೇಕಾದ ಕೆಲಸ ಇನ್ನೊಂದಿದೆ. ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ ಇದೆ, ಹೆತ್ತವರೇ ಅದರ ಸದಸ್ಯರು. ಶಾಲಾ ವಾರ್ಷಿಕೋತ್ಸವ ಹೇಗೆ ನಡೆಯಬೇಕು, ಪೂಜೆಗೆಂದು ಮಕ್ಕಳಿಂದ ದುಡ್ಡು ಎತ್ತಬೇಕೇ ಬೇಡವೇ, ಎಲ್ಲ ಅಲ್ಲಿ ಮಾತಾಡಬಹುದು. ನಮ್ಮವರು ಆ ಸಭೆಗೆ ಹೋಗುವುದು ಕಡಿಮೆ. ಶಿಡ್ಲಘಟ್ಟದಲ್ಲಿ ರೀಲಿಂಗ್ ಬಿಟ್ಟು ಬರಲಾಗದು ಅಂತಾರೆ, ಚಿಕ್ಕಬಳ್ಳಾಪುರದಲ್ಲಿ ಅಂಗಡಿ ಬಿಟ್ಟು ಬರಲಾಗದು ಅಂತಾರೆ. ತಂದೆಗೆ ಆಗದಿದ್ದರೆ ತಾಯಿ ಹೋಗಲಿ, ತಾಯಂದಿರಿಗೂ ಅಲ್ಲಿ ಜಾಗ ಇದೆ. ಹೋಗುವಾಗ ಮಗಳ ಹೆಸರು, ತರಗತಿ, ಯಾವುದಕ್ಕೆ ಒಪ್ಪಿಗೆ ಇಲ್ಲ ಎನ್ನುವುದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಸಹಿ ಹಾಕಿ, ಒಂದು ಪ್ರತಿಗೆ ಮುಖ್ಯ ಶಿಕ್ಷಕರ ಸಹಿ ಪಡೆದುಕೊಳ್ಳಿ. ಕನ್ನಡ ಬರೆಯಲು ಬಾರದಿದ್ದರೆ ಮಗಳೇ ಬರೆದುಕೊಡುತ್ತಾಳೆ.