ಮೈಸೂರಿಗೆ ಸಮುದ್ರವಿಲ್ಲ, ಯುದ್ಧನೌಕೆಗೆ ಆ ಹೆಸರೇಕೆ? ಇಲ್ಲಿದೆ 'ಐಎನ್‌ಎಸ್ ಮೈಸೂರು' ಕಥೆ

ಮುಂಬೈ: ಬೈಕುಲ್ಲಾ ರೈಲು ನಿಲ್ದಾಣದಿಂದ ಪೂರ್ವಕ್ಕೆ ಟ್ಯಾಕ್ಸಿ ಹಿಡಿದರೆ ಸ್ವಲ್ಪ ಹೊತ್ತಿಗೆ ಮಜಗಾಂವ್ ಡಾಕ್‌ನ ಕ್ರೇನ್‌ಗಳು ಕಾಣಿಸುತ್ತವೆ. ನೌಕಾಪಡೆಯ ಕ್ಷಿಪಣಿ ವಿಧ್ವಂಸಕ ನೌಕೆ 'ಐಎನ್‌ಎಸ್ ಮೈಸೂರು' ನಿರ್ಮಾಣವಾಗಿದ್ದು ಇಲ್ಲೇ. ಆದರೆ ಈ ಹೆಸರು ಹೊತ್ತ ಮೊದಲ ನೌಕೆ ಇದಲ್ಲ. ಅದಕ್ಕೂ ಮುನ್ನ ಇನ್ನೊಂದು 'ಮೈಸೂರು' ಇತ್ತು. ಅದು ಕಂಡ ಯುದ್ಧಗಳು ಒಂದೆರಡಲ್ಲ.

ಬ್ರಿಟಿಷರ 'ನೈಜೀರಿಯಾ'

ಮೊದಲ ಮೈಸೂರಿನ ಮೂಲ ಹೆಸರು ಎಚ್‌ಎಂಎಸ್ ನೈಜೀರಿಯಾ. 1940ರಲ್ಲಿ ಬ್ರಿಟಿಷ್ ನೌಕಾಪಡೆ ಸೇರಿದ ಈ ಕ್ರೂಸರ್ ವಿಧ್ವಂಸಕ ನೌಕೆಗಿಂತ ದೊಡ್ಡದು, ಫಿರಂಗಿಗಳೇ ಅದರ ಬಲ. 1941ರ ಜೂನ್‌ನಲ್ಲಿ ಜರ್ಮನಿಯ ಹವಾಮಾನ ವರದಿ ಹಡಗು 'ಲಾವೆನ್‌ಬರ್ಗ್' ವಶಪಡಿಸಿಕೊಂಡ ತಂಡದಲ್ಲಿ ಇದೂ ಇತ್ತು. ಅಲ್ಲಿ ಸಿಕ್ಕ ಕಾಗದಗಳು ಜರ್ಮನರ 'ಎನಿಗ್ಮಾ' ಗೂಢಲಿಪಿ ಭೇದಿಸಲು ನೆರವಾದವು. 1942ರ ಆಗಸ್ಟ್‌ನಲ್ಲಿ ಮಾಲ್ಟಾಕ್ಕೆ ಸರಕು ಸಾಗಿಸುವ ಹಡಗುಗಳಿಗೆ ಕಾವಲಾಗಿದ್ದಾಗ ಇಟಲಿಯ ಜಲಾಂತರ್ಗಾಮಿ 'ಆಕ್ಸಮ್' ಹಾರಿಸಿದ ಟಾರ್ಪೆಡೊ ತಾಗಿತು. ಹಲವು ನಾವಿಕರು ಸತ್ತರು, ಹಡಗು ಮಾತ್ರ ಮುಳುಗಲಿಲ್ಲ.

ಯುದ್ಧ ಮುಗಿದ ಮೇಲೆ ಭಾರತ ಅದನ್ನು ಖರೀದಿಸಿತು. ದುರಸ್ತಿಯ ನಂತರ 1957ರ ಆಗಸ್ಟ್ 29ರಂದು ಅದು ಐಎನ್‌ಎಸ್ ಮೈಸೂರು ಆಯಿತು. ಆಗ ನಮ್ಮ ರಾಜ್ಯದ ಹೆಸರೇ ಮೈಸೂರು. ರಾಜ್ಯ ಕರ್ನಾಟಕವಾಗಿದ್ದು 1973ರಲ್ಲಿ, ಹಡಗು ಮಾತ್ರ ಹಳೆಯ ಹೆಸರನ್ನೇ ಉಳಿಸಿಕೊಂಡಿತು. ಮೈಸೂರು ಅರಸರ ಗಂಡಭೇರುಂಡ ಅದರ ಲಾಂಛನವಾಗಿತ್ತು.

ಕಾರವಾರದ ಎದುರು ಏಳು ಸಾವು

ಕನ್ನಡಿಗರಿಗೆ ಅತಿ ಹತ್ತಿರದ, ಆದರೆ ಹೆಚ್ಚು ಮಂದಿಗೆ ಗೊತ್ತಿರದ ಅಧ್ಯಾಯ ಇದು. ಕಾರವಾರದ ತೀರಕ್ಕೆ ಅಂಟಿಕೊಂಡಂತಿರುವ ಅಂಜದೀವ ದ್ವೀಪ 1961ರವರೆಗೂ ಪೋರ್ಚುಗೀಸರ ಕೈಯಲ್ಲಿತ್ತು. ಗೋವಾ ವಿಮೋಚನಾ ಕಾರ್ಯಾಚರಣೆಯಲ್ಲಿ ಅದನ್ನು ವಶಪಡಿಸಿಕೊಳ್ಳುವ ಹೊಣೆ ಬಿದ್ದದ್ದು ಮೈಸೂರು ಮತ್ತು ತ್ರಿಶೂಲ್ ನೌಕೆಗಳಿಗೆ. ಡಿಸೆಂಬರ್ 18ರಂದು ನಾವಿಕರು ದೋಣಿಗಳಲ್ಲಿ ದ್ವೀಪದತ್ತ ಹೊರಟರು. ಬಿಳಿ ಬಾವುಟ ತೋರಿಸಿದ ಪೋರ್ಚುಗೀಸರು ಹತ್ತಿರ ಹೋಗುತ್ತಿದ್ದಂತೆ ಗುಂಡು ಹಾರಿಸಿದರು ಎಂಬುದು ಭಾರತದ ಆರೋಪ. ಏಳು ನಾವಿಕರು ಹುತಾತ್ಮರಾದರು. ಬಳಿಕ ನೌಕೆಗಳ ಫಿರಂಗಿಗಳು ಮಾತನಾಡಿದವು, ಮರುದಿನ ದ್ವೀಪ ಕೈವಶವಾಯಿತು. ಇಂದು ಕಾರವಾರದ ನೌಕಾನೆಲೆಯ ಅಲೆತಡೆಗೋಡೆ ಇದೇ ದ್ವೀಪವನ್ನು ದಡಕ್ಕೆ ಜೋಡಿಸಿದೆ.

1971ರ ಯುದ್ಧದಲ್ಲಿ ಮೈಸೂರು ಪಶ್ಚಿಮ ನೌಕಾ ತುಕಡಿಯ ಮುಖ್ಯ ನೌಕೆ, ರಿಯರ್ ಅಡ್ಮಿರಲ್ ಇ.ಸಿ. ಕುರುವಿಲ್ಲ ಅದರ ಮೇಲಿದ್ದರು. ಆದರೆ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಬೆಂಕಿ ಹಚ್ಚಿದ್ದು ದೊಡ್ಡ ಫಿರಂಗಿಗಳಲ್ಲ, ಪುಟ್ಟ ಕ್ಷಿಪಣಿ ದೋಣಿಗಳು. ಕ್ರೂಸರ್‌ಗಳ ಕಾಲ ಮುಗಿಯುತ್ತಿದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿರಲಿಲ್ಲ. 1985ರ ಆಗಸ್ಟ್‌ನಲ್ಲಿ ಹಳೆಯ ಮೈಸೂರು ನಿವೃತ್ತಿಯಾಯಿತು.

ಮಜಗಾಂವ್‌ನಲ್ಲಿ ಎರಡನೇ ಜನ್ಮ

ನಿವೃತ್ತ ನೌಕೆಯ ಹೆಸರನ್ನು ಹೊಸದಕ್ಕೆ ಇಡುವುದು ನೌಕಾಪಡೆಯ ರೂಢಿ. ಹೀಗಾಗಿ ಕರಾವಳಿಯಿಲ್ಲದ ಊರಿನ ಹೆಸರು ಮತ್ತೆ ಸಮುದ್ರಕ್ಕಿಳಿಯಿತು. ದೆಹಲಿ ದರ್ಜೆಯ ಮೂರು ನೌಕೆಗಳ ಪೈಕಿ ಎರಡನೆಯದಾದ ಇದು 163 ಮೀಟರ್ ಉದ್ದವಿದ್ದು, ಹಡಗುಗಳನ್ನು ಹೊಡೆಯುವ 16 ಯುರಾನ್ ಕ್ಷಿಪಣಿಗಳನ್ನು ಹೊರುವಂತೆ ರೂಪಿಸಲಾಗಿತ್ತು. 1999ರ ಜೂನ್ 2ರಂದು ಸೇವೆಗೆ ಸೇರ್ಪಡೆಯಾದಾಗ ಕಾರ್ಗಿಲ್ ಯುದ್ಧ ನಡೆಯುತ್ತಿತ್ತು.

ಆದರೆ ಹೊಸ ಮೈಸೂರು ಸುದ್ದಿಯಾಗಿದ್ದು ಬೇರೆಯದೇ ಕಾರಣಕ್ಕೆ. 2008ರ ಡಿಸೆಂಬರ್‌ನಲ್ಲಿ ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯಾದ ಸರಕು ಹಡಗಿನ ಕರೆಗೆ ಓಗೊಟ್ಟು 23 ಕಡಲ್ಗಳ್ಳರನ್ನು ಸೆರೆಹಿಡಿಯಿತು. 2011ರಲ್ಲಿ ಲಿಬಿಯಾದಲ್ಲಿ ದಂಗೆ ಎದ್ದಾಗ ಅಲ್ಲಿ ಸಿಲುಕಿದ್ದ ಭಾರತೀಯರ ತೆರವಿಗೆ ಹೊರಟ ನೌಕೆಗಳಲ್ಲೂ ಇದಿತ್ತು.

ಅಂದಹಾಗೆ, ಎರಡೂ ನೌಕೆಗಳ ಸಂಖ್ಯೆ 60. ಮೊದಲನೆಯದು ಸಿ60, ಈಗಿನದು ಡಿ60.