ತಡವಾಗಿ ಮುಳುಗುವ ಸೂರ್ಯ

ಮೈನ್‌ಕ್ರಾಫ್ಟ್ ಆಟದ ಲೋಕದಲ್ಲಿ ಹಗಲು ರಾತ್ರಿ ಸೇರಿ 20 ನಿಮಿಷ. ಆ ಲೋಕ ಸೆಕೆಂಡಿಗೆ 20 ಸಲ ಮಿಡಿಯುತ್ತದೆ. ಒಂದೊಂದು ಮಿಡಿತವೂ ಒಂದು ಟಿಕ್. ದಿನಕ್ಕೆ 24,000 ಟಿಕ್. ಹಸು ಎತ್ತ ಹೆಜ್ಜೆ ಇಡಬೇಕು, ಗೋಧಿ ಪೈರು ಒಂದು ಹಂತ ಮೇಲೇರಬೇಕೇ, ಕುಲುಮೆಯಲ್ಲಿ ಅದಿರು ಎಷ್ಟು ಬೆಂದಿತು ಎಂಬ ಲೆಕ್ಕವೆಲ್ಲ ಪ್ರತಿ ಟಿಕ್‌ನಲ್ಲೂ ಆಗಬೇಕು, ಅದೂ 50 ಮಿಲಿಸೆಕೆಂಡಿನೊಳಗೆ. ಆಗದಿದ್ದರೆ ಮುಂದಿನ ಟಿಕ್ ಕಾದು ನಿಲ್ಲುತ್ತದೆ, ಅದರ ಹಿಂದೆ ಇಡೀ ದಿನವೇ ತಡವಾಗುತ್ತದೆ. ಇನ್ನೂರು ಮುನ್ನೂರು ಮಾಡ್ (ಆಟಕ್ಕೆ ಹೊರಗಿನವರು ಬರೆದ ಸೇರ್ಪಡೆ) ಹೊತ್ತು ಏದುಸಿರು ಬಿಡುವ ಲೋಕಕ್ಕೆ ಹೋದಾಗ ನಾನು ಮೊದಲು ಯಾವ ಉಪಕರಣವನ್ನೂ ಹೊರತೆಗೆಯುವುದಿಲ್ಲ. ಬಯಲಿನಲ್ಲಿ ನಿಂತು ಸೂರ್ಯನನ್ನು ನೋಡುತ್ತೇನೆ. ಒಂದು ಮುಂಜಾವಿನಿಂದ ಇನ್ನೊಂದಕ್ಕೆ 40 ನಿಮಿಷ ಹಿಡಿದರೆ ಆ ಲೋಕ ಸೆಕೆಂಡಿಗೆ ಹತ್ತೇ ಟಿಕ್‌ನಲ್ಲಿ ಬದುಕುತ್ತಿದೆ ಎಂದರ್ಥ.

ಎಲ್ಲ ತಡವರಿಕೆಯನ್ನೂ ಆಟಗಾರರು ಲ್ಯಾಗ್ ಎಂದೇ ಕರೆಯುತ್ತಾರೆ. ಹತ್ತಿರದಿಂದ ನೋಡಿದರೆ ಅವುಗಳಲ್ಲಿ ಬೇರೆಬೇರೆ ಜಾತಿಗಳಿವೆ, ಚಹರೆಯೂ ಬೇರೆ. ಕತ್ತು ತಿರುಗಿಸಿದರೆ ನೋಟ ನಯವಾಗಿ ತಿರುಗುತ್ತದೆ, ಆದರೆ ಒಡೆದ ಕಲ್ಲು ಮತ್ತೆ ಪ್ರತ್ಯಕ್ಷವಾಗುತ್ತದೆ, ಕುರಿ ನಿಂತಲ್ಲೇ ನಿಂತು ಆಮೇಲೆ ಜಾರಿದಂತೆ ಮುಂದೆ ಬರುತ್ತದೆ: ಇದು ಟಿಕ್‌ನ ಲ್ಯಾಗ್. 2012ರ 1.3 ಆವೃತ್ತಿಯಿಂದ ಒಬ್ಬರೇ ಆಡುವಾಗಲೂ ಒಳಗೊಂದು ಸರ್ವರ್ ಓಡುತ್ತಿರುತ್ತದೆ. ಅದು ಸುಸ್ತಾದಾಗ ಚಿತ್ರ ಸರಾಗವಾಗಿಯೇ ಇರುತ್ತದೆ, ಲೋಕ ಮಾತ್ರ ಹಿಂದುಳಿಯುತ್ತದೆ. ಒಂದು ದಿಕ್ಕಿಗೆ ಮುಖ ಮಾಡಿದಾಗಷ್ಟೇ ಕಣ್ಣೆದುರಿನ ದೃಶ್ಯ ತುಂಡು ತುಂಡಾದರೆ ಅದು ಗ್ರಾಫಿಕ್ಸ್‌ನ ತೊಂದರೆ. ಪ್ರಾಣಿ, ನೀರು, ನೋಟ ಎಲ್ಲವೂ ಒಟ್ಟಿಗೆ ಹೆಪ್ಪುಗಟ್ಟಿ, ಒಟ್ಟಿಗೆ ಬಿಟ್ಟುಕೊಂಡು, ಸ್ವಲ್ಪ ಹೊತ್ತಿಗೆ ಮತ್ತೆ ಹಾಗೆಯೇ ಆದರೆ ಮೆಮೊರಿಯ ಕಡೆ ನೋಡಬೇಕು. ಈ ವ್ಯತ್ಯಾಸ ಗುರುತಿಸದೆ ಮದ್ದು ಹುಡುಕುವವರು ತಿಂಗಳುಗಟ್ಟಲೆ ಅಲೆಯುತ್ತಾರೆ.

ಟಿಕ್‌ನ ಲ್ಯಾಗ್‌ಗೆ ಮನೆಯ ಹಿಂದಿನ ಕೊಟ್ಟಿಗೆಯಿಂದಲೇ ಶುರು ಮಾಡಬಹುದು. ಗೋಧಿ ತಿನ್ನಿಸಿ ತಿನ್ನಿಸಿ ಬೆಳೆಸಿದ ಹಸುಗಳು ಬೇಲಿಯೊಳಗೆ ಒಂದರ ಮೈಗೆ ಒಂದು ಒತ್ತಿಕೊಂಡು ನಿಂತಿವೆ. ಯಾವುದೂ ಸುಮ್ಮನಿಲ್ಲ. ಪ್ರತಿಯೊಂದೂ ತನಗೆ ತಾಗಿದ ಪ್ರತಿಯೊಂದನ್ನೂ ಟಿಕ್ ಟಿಕ್‌ಗೂ ತಳ್ಳುತ್ತದೆ. ಹತ್ತು ಹಸು ಒತ್ತಿಕೊಂಡರೆ ತಳ್ಳಾಟ 90. ಇಪ್ಪತ್ತಾದರೆ 180 ಅಲ್ಲ, 380. ಒಂದೇ ಜಾಗದಲ್ಲಿ 24ಕ್ಕಿಂತ ಹೆಚ್ಚು ಸೇರಿದರೆ ಉಸಿರುಗಟ್ಟಿ ಸಾಯಲಿ ಎಂಬ ನಿಯಮ ಆಟದಲ್ಲೇ ಇದೆ. ಮೊದಲು ನನಗದು ಕ್ರೂರ ಅನ್ನಿಸುತ್ತಿತ್ತು; ಈ ಲೆಕ್ಕ ಕಂಡ ಮೇಲೆ ಅದರ ಅಗತ್ಯ ಅರ್ಥವಾಯಿತು. ಬೇಲಿಯನ್ನು ಅಗಲ ಮಾಡಿ, ಅರ್ಧ ಹಿಂಡನ್ನು ಇಳಿಸಿದರೆ ಸೂರ್ಯ ಎಷ್ಟೋ ಚುರುಕಾಗುತ್ತಾನೆ.

ಗುಹೆಗಳದು ಇನ್ನೊಂದು ಕಥೆ. ಕತ್ತಲಲ್ಲಿ ಹುಟ್ಟುವ ಜೋಂಬಿಗಳಿಗೆ ಆಟ ಒಂದು ಮಿತಿ ಇಟ್ಟಿದೆ: ಒಬ್ಬನೇ ಆಟಗಾರ ಇದ್ದಾಗ ಸುತ್ತಲಿನ ಹಗೆಯ ಜೀವಿಗಳು 70 ದಾಟುವಂತಿಲ್ಲ. ಆಟಗಾರನಿಂದ 128 ಬ್ಲಾಕ್ ಆಚೆ ಹೋದದ್ದು ಆ ಕ್ಷಣವೇ ಮಾಯ. ಆದರೆ ನೆಲಕ್ಕೆ ಬಿದ್ದ ಕತ್ತಿಯನ್ನೋ ಟೊಪ್ಪಿಯನ್ನೋ ಎತ್ತಿಕೊಂಡ ಜೋಂಬಿ ಮಾಯವಾಗುವುದಿಲ್ಲ, ಆ 70ರ ಲೆಕ್ಕಕ್ಕೂ ಸೇರುವುದಿಲ್ಲ. ಅದರ ಜಾಗಕ್ಕೆ ಇನ್ನೊಂದು ಹುಟ್ಟುತ್ತದೆ. ಗಣಿಗಾರಿಕೆಯ ಮಾಡ್‌ಗಳಿರುವ ಲೋಕದಲ್ಲಿ ನೆಲಕ್ಕೆ ಬೀಳುವ ವಸ್ತುಗಳಿಗೆ ಬರವಿಲ್ಲ. ಯಾರೂ ಇಳಿಯದ ಆಳದ ಗುಹೆಯೊಂದರಲ್ಲಿ ಹೀಗೆ ಏನೇನೋ ಹಿಡಿದು ನಿಂತ ಜೋಂಬಿಗಳ ದೊಡ್ಡ ಗುಂಪನ್ನು ಕಂಡು ಬಹಳ ಹೊತ್ತು ನೋಡುತ್ತ ಕೂತಿದ್ದೇನೆ. ಕೈಗೆ ವಸ್ತು ಬಂದದ್ದೇ ತಡ, ಅವು ಆ ಲೋಕದ ಕಾಯಂ ನಿವಾಸಿಗಳಾಗಿಬಿಟ್ಟಿದ್ದವು.

ಪೆಟ್ಟಿಗೆಯಿಂದ ಪೆಟ್ಟಿಗೆಗೆ ವಸ್ತು ಸಾಗಿಸುವ ಹಾಪರ್‌ಗಳನ್ನೂ ಬಿಡಬಾರದು. ಒಂದು ಹಾಪರ್ ಒಂದು ವಸ್ತುವನ್ನು ಸಾಗಿಸುವುದು 8 ಟಿಕ್‌ಗೊಮ್ಮೆ. ಮೇಲೆ ಏನೂ ಇಲ್ಲದೆ ಬಾಯ್ದೆರೆದು ಖಾಲಿ ಕೂತಾಗ ಮಾತ್ರ ಏನಾದರೂ ಬಿತ್ತೇ ಎಂದು ಟಿಕ್ ಟಿಕ್‌ಗೂ ಹುಡುಕುತ್ತಲೇ ಇರುತ್ತದೆ. ಅದರ ಬಾಯಿಗೆ ಒಂದು ಕಾಂಪೋಸ್ಟರ್ ಇಟ್ಟರೆ ಹುಡುಕಾಟ ನಿಲ್ಲುತ್ತದೆ. ದೂರದ ಡೈಮೆನ್ಶನ್‌ನಲ್ಲಿ ಯಾರೋ ಚಂಕ್ ಲೋಡರ್ (ಯಾರೂ ಇಲ್ಲದಾಗಲೂ ನೆಲದ ಒಂದು ತುಂಡನ್ನು, ಅಂದರೆ ಚಂಕನ್ನು, ಓಡುತ್ತಿರುವಂತೆ ಇಡುವ ಸಾಧನ) ಇಟ್ಟು ಮರೆತ ಗಣಿಯಂತ್ರವೂ ಇಂಥದ್ದೇ. ಪೆಟ್ಟಿಗೆ ತುಂಬಿದ ಮೇಲೂ ಅದು ಅಗೆಯುತ್ತದೆ, ಅಗೆದದ್ದನ್ನು ನೆಲಕ್ಕೆ ಚೆಲ್ಲುತ್ತದೆ. ಬಿದ್ದ ವಸ್ತು ಕಣ್ಮರೆಯಾಗಲು 5 ನಿಮಿಷ, ಅಂದರೆ 6,000 ಟಿಕ್ ಬೇಕು. ಅಷ್ಟರಲ್ಲಿ ಹೊಸ ರಾಶಿ ಬಿದ್ದಿರುತ್ತದೆ. ಸರ್ವರ್‌ನ ಲಾಗ್‌ನಲ್ಲಿ ‘ಕಾಂಟ್ ಕೀಪ್ ಅಪ್’ ಎಂಬ ಸಾಲು ಮೇಲಿಂದ ಮೇಲೆ ಕಂಡರೆ ಇಂಥ ಯಾವುದೋ ಮೂಲೆಯಿಂದ ಬಂದಿರುವ ಸಾಧ್ಯತೆ ಹೆಚ್ಚು. ಕಾಲ್ನಡಿಗೆಯಲ್ಲಿ ಸಿಗದಿದ್ದರೆ ಸ್ಪಾರ್ಕ್ ಎಂಬ ಪ್ರೊಫೈಲರ್ ಹಚ್ಚಬೇಕು. 50 ಮಿಲಿಸೆಕೆಂಡನ್ನು ಯಾರು ಯಾರು ಎಷ್ಟೆಷ್ಟು ತಿಂದರು ಎಂದು ಅದು ತೋರಿಸುತ್ತದೆ. ಎಲ್ಲರೂ ಮಲಗಿರುವಾಗ ಐದು ನಿಮಿಷ ಅಳೆದರೆ ಏನೂ ಸಿಗದು. ಎಲ್ಲರೂ ಆಡುವ ಸಂಜೆಯ ಹೊತ್ತಿಗೆ, ನಿಧಾನವಾದ ಟಿಕ್‌ಗಳನ್ನಷ್ಟೇ ಹಿಡಿಯುವಂತೆ ಇಟ್ಟು ಕಾಯಬೇಕು.

ಇನ್ನು ಮೆಮೊರಿ. ‘ರ‍್ಯಾಮ್ ಜಾಸ್ತಿ ಕೊಡು’ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ, ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಎಫ್3 ಒತ್ತಿ ಬಲಮೂಲೆಯ ಮೆಮೊರಿ ಅಂಕಿಯನ್ನು ನೋಡುತ್ತ ಕೂತರೆ ಅದು ಏರುತ್ತದೆ, ಏರುತ್ತದೆ, ಒಮ್ಮೆಲೇ ಕುಸಿಯುತ್ತದೆ, ಮತ್ತೆ ಏರುತ್ತದೆ. ಅದು ಕಾಯಿಲೆಯಲ್ಲ, ಉಸಿರಾಟ. ಈ ಆಟ ಓಡುವ ಜಾವಾದಲ್ಲಿ ಹೊಸದಾಗಿ ಹುಟ್ಟುವ ವಸ್ತುಗಳ ಜಾಗಕ್ಕೆ ಈಡನ್ ಎಂದು ಹೆಸರು. ಅಲ್ಲಿ ಹುಟ್ಟುವ ಬಹುಪಾಲು ಕ್ಷಣದಲ್ಲೇ ಸಾಯುತ್ತವೆ. ಉಳಿದವು ಕೆಲವು ಗುಡಿಸಾಟ ದಾಟಿದ ಮೇಲೆ ಹಳಬರ ವಠಾರಕ್ಕೆ ಸೇರುತ್ತವೆ. ಸತ್ತವನ್ನು ಗುಡಿಸುವುದು ಗಾರ್ಬೇಜ್ ಕಲೆಕ್ಟರ್‌ನ ಕೆಲಸ. ಈಡನ್ ಗುಡಿಸುವುದು ಕಣ್ಣಿಗೆ ಬೀಳದಷ್ಟು ಚುರುಕು. ಹಳಬರ ವಠಾರವೂ ತುಂಬಿ ಇಡೀ ಹೀಪ್, ಅಂದರೆ ಆಟಕ್ಕೆ ಕೊಟ್ಟ ಮೆಮೊರಿಯನ್ನೆಲ್ಲ ಗುಡಿಸಬೇಕಾಗಿ ಬಂದಾಗ ಎಲ್ಲ ಒಟ್ಟಿಗೆ ಹೆಪ್ಪುಗಟ್ಟುತ್ತದೆ. ಹೀಪ್ ದೊಡ್ಡದಾದಷ್ಟೂ ಆ ನಿಲುಗಡೆ ಉದ್ದವಾಗಬಹುದು. 8 ಜಿಬಿಯ ಕಂಪ್ಯೂಟರಿನಲ್ಲಿ 7 ಜಿಬಿಯನ್ನು ಆಟಕ್ಕೇ ಕೊಟ್ಟರಂತೂ ಆಪರೇಟಿಂಗ್ ಸಿಸ್ಟಮ್‌ಗೂ ಗ್ರಾಫಿಕ್ಸ್ ಡ್ರೈವರ್‌ಗೂ ಜಾಗವಿಲ್ಲದೆ ಎಲ್ಲವೂ ಡಿಸ್ಕಿಗೆ ಅಲೆದಾಡುತ್ತವೆ.

ಕೆರೆಯ ಹೂಳು ತಿಳಿಯುವುದು ನೀರು ತುಂಬಿದಾಗಲ್ಲ, ತಳ ಕಂಡಾಗ. ಮೆಮೊರಿಯಲ್ಲೂ ನೋಡಬೇಕಾದ್ದು ಕುಸಿದಾಗಿನ ಕೆಳಮಟ್ಟವನ್ನು. ಆಟ ಶುರುವಾದಾಗ 2 ಜಿಬಿಗೆ ಇಳಿಯುತ್ತಿದ್ದದ್ದು ಗಂಟೆಯ ನಂತರವೂ ಸುಮಾರು ಅಲ್ಲಿಗೇ ಇಳಿದರೆ ಆರೋಗ್ಯ. ಎರಡೂವರೆ, ಮೂರು, ಮೂರೂವರೆ ಎಂದು ತಳವೇ ಏರುತ್ತ ಹೋದರೆ ಸೋರಿಕೆ ಇದೆ. ಹೆಚ್ಚು ರ‍್ಯಾಮ್ ಕೊಟ್ಟರೆ ಅದು ನಿಲ್ಲುವುದಿಲ್ಲ, ಮುಂದಕ್ಕೆ ಹೋಗುತ್ತದಷ್ಟೇ. ನಾನು ನೋಡಿದ ಒಂದು ಲೋಕದಲ್ಲಿ ನೆದರ್ ಎಂಬ ಡೈಮೆನ್ಶನ್‌ಗೆ ಹೋಗಿ ಬಂದಾಗಲೆಲ್ಲ ತಳ ಏರುತ್ತಿತ್ತು. ಹೀಪ್ ಡಂಪ್ ತೆಗೆದು ಎಕ್ಲಿಪ್ಸ್ ಮೆಮೊರಿ ಅನಲೈಸರ್‌ನಲ್ಲಿ ಬಿಚ್ಚಿದಾಗ, ಬಿಟ್ಟುಬಂದ ಲೋಕದ ಪ್ರತಿ ಚಂಕನ್ನೂ ಒಂದು ಮಾಡ್ ಕೈಬಿಡದೆ ಹಿಡಿದುಕೊಂಡಿದ್ದು ಕಂಡಿತು. ಹಿಡಿದವರು ಒಬ್ಬರಿದ್ದರೂ ಗುಡಿಸುವಂತಿಲ್ಲ, ಅದು ಕಲೆಕ್ಟರ್‌ನ ನಿಯಮ. ಆ ಮಾಡ್‌ನ ಹೊಸ ಆವೃತ್ತಿ ಹಾಕಿದ ಮೇಲೆ ತಳ ಏರುವುದು ನಿಂತಿತು.

ಸೋರಿಕೆಯೇ ಇಲ್ಲದೆಯೂ ಭಾರ ಇರುತ್ತದೆ. ರೆಡ್‌ಸ್ಟೋನ್ ಪುಡಿಯ ಒಂದು ಗೆರೆಗೆ ನಾಲ್ಕು ದಿಕ್ಕು, ಒಂದೊಂದು ದಿಕ್ಕಿಗೆ ಮೂರು ರೂಪ, ಅದರ ಮೇಲೆ 16 ಶಕ್ತಿಮಟ್ಟ: ಒಟ್ಟು 1,296 ಸ್ಥಿತಿಗಳು. ಸಾಧಾರಣ ಕಲ್ಲಿನ ಗೋಡೆಗೆ 324. ಹೊಸ ಹೊಸ ಕಲ್ಲು ತರುವ ಮಾಡ್ ಪ್ರತಿಯೊಂದಕ್ಕೂ ಗೋಡೆ ಮಾಡಿಟ್ಟರೆ, ನೀವು ಒಂದನ್ನೂ ಕಟ್ಟದಿದ್ದರೂ ಅಷ್ಟೂ ಸ್ಥಿತಿಗಳು ಮೆಮೊರಿಗೆ ಬಂದು ಕೂರುತ್ತವೆ. ಅವುಗಳಲ್ಲಿ ಪುನರಾವರ್ತನೆಯಾದದ್ದನ್ನು ಒಂದೇ ಪ್ರತಿಯಾಗಿ ಹಂಚಿಕೊಳ್ಳುವಂತೆ ಮಾಡುವುದು ಫೆರೈಟ್‌ಕೋರ್. ಆಟಕ್ಕೆ ಒಂದು ಬ್ಲಾಕನ್ನೂ ಸೇರಿಸದ ಈ ಮಾಡ್ ಬರೆದವರ ಶ್ರಮವನ್ನು ನಾನು ತುಂಬ ಗೌರವಿಸುತ್ತೇನೆ.

ಅನುಮಾನದ ಮಾಡ್ ಯಾವುದೆಂದು ಯಾವ ಉಪಕರಣವೂ ಹೇಳದಿದ್ದಾಗ ಅರ್ಧರ್ಧ ತೆಗೆದು ನೋಡುವ ಹಳೆಯ ದಾರಿಯೇ ಗತಿ. 256 ಮಾಡ್ ಇದ್ದರೂ ಎಂಟು ಸಲಕ್ಕೆ ಒಂದಕ್ಕೆ ಬಂದು ನಿಲ್ಲುತ್ತದೆ. ಒಂದನ್ನೊಂದು ಅವಲಂಬಿಸಿದವನ್ನು ಜೊತೆಗೇ ತೆಗೆಯಬೇಕಾದ್ದರಿಂದ ತುಸು ಹೆಚ್ಚಾಗಬಹುದು. ಲೋಕದ ನಕಲಿನ ಮೇಲಷ್ಟೇ ಇದನ್ನು ಮಾಡಬೇಕು. ಮಾಡ್ ತೆಗೆದು ಲೋಕ ತೆರೆದರೆ ಅದರ ಬ್ಲಾಕ್‌ಗಳೆಲ್ಲ ಅಳಿದುಹೋಗುತ್ತವೆ, ಯಾರೋ ವರ್ಷಗಟ್ಟಲೆ ಕಟ್ಟಿದ ಮನೆಯ ಗೋಡೆ ಸಮೇತ.

ಈಗ ನಾನು ನೋಡುತ್ತಿರುವ ಲೋಕದಲ್ಲಿ ಉಳಿದಿರುವುದು ಎಲಿಟ್ರಾ ರೆಕ್ಕೆ ಕಟ್ಟಿ ಹಾರುವಾಗಿನ ತಡವರಿಕೆ. ಯಾರೂ ಕಾಲಿಡದ ನೆಲವನ್ನು ಆಟ ಆಗಿಂದಾಗ ಸೃಷ್ಟಿಸಬೇಕು: 1.18ರಿಂದ ಮೈನಸ್ 64ರ ಆಳದಿಂದ 320ರ ಎತ್ತರದವರೆಗೆ, ಗುಹೆ, ಅದಿರು, ಮಾಡ್‌ಗಳ ಕಾಡು ಸಮೇತ. ಚಂಕಿ ಎಂಬ ಮಾಡ್ ಆ ನೆಲವನ್ನು ಮೊದಲೇ ಸೃಷ್ಟಿಸಿಡುತ್ತದೆ. ನಾಲ್ಕೂ ದಿಕ್ಕಿಗೆ 5,000 ಬ್ಲಾಕ್ ಎಂದರೆ 3,90,625 ಚಂಕ್. ಆಟಗಾರರಿಲ್ಲದ ರಾತ್ರಿಗಳಲ್ಲಿ ಅದನ್ನು ಓಡಿಸುತ್ತಿದ್ದೇನೆ. ಪೂರ್ವದ ಕಡೆ ಮುಗಿದಿದೆ, ಅಲ್ಲಿ ಹಾರಿದರೆ ಈಗ ತಡವರಿಕೆ ಇಲ್ಲ.